ಬಿದ್ದರೆ ಕೂಗುವ ಬೆಲ್ಟು

ನಗಬೇಡ ಅಜ್ಜಿ, ಕಟ್ಟು ಹಾಕಿರೋ ಕಾಲು ಅಲ್ಲಾಡುತ್ತೆ. ಡಾಕ್ಟ್ರು ಬಂದ್ರೆ ನನಗೇ ಬೈತಾರೆ.

ನಿಜ ಹೇಳ್ತಿದೀನಿ. ಲ್ಯಾಬಲ್ಲಿ ಹಾಸಿಗೆ ಹಾಸಿ, ಸೊಂಟಕ್ಕೆ ಬೆಲ್ಟು ಕಟ್ಕೊಂಡು, ನಾವು ನಾಲ್ಕು ಜನ ಒಬ್ಬೊಬ್ರಾಗಿ ಬೀಳೋದು. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ. ಇಂಜಿನಿಯರಿಂಗ್ ಓದೋಕೆ ಕಳಿಸಿದ್ರೆ ಮಗ ಬೀಳೋದು ಕಲೀತಿದಾನೆ ಅಂತ ಅಪ್ಪ ಊರೆಲ್ಲ ಹೇಳ್ಕೊಂಡು ತಿರುಗ್ತಿದಾರೆ. ಮೇಷ್ಟ್ರು ಇದಕ್ಕೆ ಸಂಶೋಧನೆ ಅಂತಾರೆ. ಆದ್ರೆ 'ನೀವು ಹುಡುಗ್ರು ಬೀಳೋದು ಚೆಂಡು ಬಿದ್ದ ಹಾಗೆ, ವಯಸ್ಸಾದೋರು ಯಾರಾದ್ರೂ ದಿನಾ ಕಟ್ಕೊಂಡು ಓಡಾಡ್ಬೇಕು' ಅಂದ್ರು. ನೀನು ಒಪ್ಕೊಂಡೆ.

ಒಪ್ಕೊಂಡು ನನ್ನ ಪ್ರಾಣ ತಿಂದೆ. ಹೂಂ, ನೀನೇ! ಕುರ್ಚಿ ಮೇಲೆ ಧೊಪ್ ಅಂತ ಕೂತ್ರೂ ಬಿದ್ದೆ ಅಂತ ನನ್ನ ಫೋನು ಬಡ್ಕೊಳ್ಳೋದು. ಎರಡು ಸಲ ಕ್ಲಾಸು ಬಿಟ್ಟು ಏದುಸಿರು ಬಿಡ್ತಾ ಓಡಿ ಬಂದೆ. ನೀನು ಕಾಲು ಚಾಚ್ಕೊಂಡು ಈರುಳ್ಳಿ ಹೆಚ್ತಿದ್ದೆ. ಮೇಲೆ ನನಗೇ ಬುದ್ಧಿವಾದ, 'ಬಿದ್ದೋಳಿಗೆ ನೀನು ನೋಡಿದೀಯ ಅಂತ ಗೊತ್ತಾಗೋದು ಹೇಗೋ?' ಸರಿ, ಅದಕ್ಕೂ ಒಂದು ಹಸಿರು ದೀಪ ಹಾಕಿದ್ವಿ. ನಾನು ಫೋನಲ್ಲಿ ಒತ್ತಿದ್ರೆ ಇಲ್ಲಿ ಗಲಾಟೆ ನಿಲ್ಲುತ್ತೆ, ಅಲ್ಲಿ ನಿನ್ನ ಬೆಲ್ಟಲ್ಲಿ ಹಸಿರು. ಅಂದ್ರೆ, ನೋಡ್ದೆ, ಬರ್ತಿದೀನಿ ಅಂತ.

ಮೊನ್ನೆನಾ? ಮೊನ್ನೆ... ನೀನು ಬಚ್ಚಲಲ್ಲಿ ಜಾರಿದಾಗ ನಾನು ಮೇಷ್ಟ್ರ ಮುಂದೆ ಇದೇ ಬೆಲ್ಟಿನ ಗುಣಗಾನ ಮಾಡ್ತಿದ್ದೆ. ಫೋನು ಕೈಯಲ್ಲೇ ಇತ್ತು. ಬಡ್ಕೊಳ್ಳಲೇ ಇಲ್ಲ. ಬೆಲ್ಟು ಕೈ ಕೊಡ್ತು, ಅಷ್ಟೇ. ಹಾಗೆ ನೋಡ್ಬೇಡ. ಕುಣೀಲಾರದೋಳು ನೆಲ ಡೊಂಕು ಅಂದ್ಳು ಅಂತೀಯ, ಗೊತ್ತು. ಈ ಸಲ ನೆಲಾನೇ ಡೊಂಕು ಅಜ್ಜಿ. ಎಲ್ಲರಿಗೂ ಹಾಗೇ ಹೇಳಿದೀನಿ. ಪಾಪ, ತಂತಿ ಬೆಸೆದ ನಮ್ಮ ಡುಮ್ಮ, ನನ್ನಿಂದಲೇ ಹೀಗಾಯ್ತು ಅಂತ ಊಟ ಬಿಟ್ಟು ಕೂತಿದಾನೆ. ಬೆಲ್ಟು ಬಿಚ್ಚಿ ನೋಡ್ಬೇಕಂತೆ.

ದಿಂಬಿನ ಕೆಳಗಿದೆಯಲ್ಲ, ಕೊಡು. ಯಾಕೆ ಬಿಗಿಯಾಗಿ ಹಿಡ್ಕೊಂಡಿದೀಯ?

ಸಿಟ್ಟು ಮಾಡ್ಕೋಬೇಡ, ನಿನ್ನ ತಪ್ಪೂ ಇದೆ. ಪಕ್ಕದ ಮನೆಯೋರು ಮಧ್ಯಾಹ್ನ ಪೂರ್ತಿ ಮನೇಲೇ ಇದ್ರಂತೆ. ಒಂದು ಕೂಗು ಹಾಕಿದ್ರೆ ಓಡಿ ಬರ್ತಿದ್ರು. ಅಮ್ಮ ಕೆಲಸ ಮುಗಿಸಿ ಬರೋ ತನಕ ಆ ಒದ್ದೆ ನೆಲದ ಮೇಲೆ ಸುಮ್ನೆ ಬಿದ್ದಿದ್ಯಲ್ಲ, ಯಾಕೆ?

...ಅಜ್ಜಿ?

ಆ ದೀಪದ ಮೇಲೆ ಯಾಕೆ ಬೆರಳಿಡ್ತೀಯ?

ಅಮ್ಮಂಗೆ ಹೇಳಿದ್ಯಾ?

...ಇಲ್ವಾ.

ನಾನು... ಮತ್ತೆ ಕುರ್ಚಿ ಅಂದ್ಕೊಂಡು ಒತ್ತಿಬಿಟ್ಟೆ ಅಜ್ಜಿ.

ಅದಕ್ಕೇ ಕೂಗ್ಲಿಲ್ವಾ? ನಾನು ಬರ್ತಿದೀನಿ ಅಂತ?