ತೀಹೋನ್ ಜುಲೈಯಲ್ಲೇ ಕೇಳಿದ್ದ ಶಾಂತಿ

...ಇಲ್ಲ ಅಗಾಫ್ಯಮ್ಮ, ಈ ಹೊಸ ಸರ್ಕಾರದೋರನ್ನ ಹೇಡಿಗಳು ಅನ್ಬೇಡಿ. ಉಕ್ರೇನು, ಪೋಲೆಂಡು ಎಲ್ಲಾ ಜರ್ಮನರಿಗೆ ಬಿಟ್ಕೊಟ್ಟು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ರು ಅಂತ ಪಾದ್ರಿ ಹೇಳಿದ್ನಾ? ಅವನು ಮೂರು ವರ್ಷ ಕಂದಕದಲ್ಲಿ ಕೂತಿದ್ನಾ? ನಾನು ಕೂತಿದ್ದೆ. ನಿಮ್ಮ ಮಗ ತೀಹೋನನ ಪಕ್ಕದಲ್ಲೇ.

ನಗ್ತಿದೀರಾ? ನಗಿ. ನಮ್ಮ ತುಕಡೀಲಿ ಮೂವರಿಗೆ ಒಂದು ಬಂದೂಕು ಇದ್ದ ದಿನಗಳಿದ್ವು. ಬೂಟಿನ ಅಟ್ಟೆ ಕಿತ್ತುಹೋಗಿ ಗೋಣಿ ಸುತ್ಕೊಂಡು ನಿಂತಿದ್ವಿ. ದೊರೆ ತ್ಸಾರ್ ಇಳಿದ, ಮಂತ್ರಿಗಳ ಸರ್ಕಾರ ಬಂತು. ಅವರೂ ಗೆಲ್ಲೋವರೆಗೂ ಹೊಡೀರಿ ಅಂದ್ರು. ಕೊನೆಗೆ ಜನ ಎದ್ದು ಮನೆ ಕಡೆ ನಡೆದ್ರು, ಅಷ್ಟೆ. ಆ ಮಂತ್ರಿಗಳನ್ನ ಇಳಿಸಿ ಈ ಹೊಸ ಸರ್ಕಾರ ಬಂದಾಗ ಕಂದಕದಲ್ಲಿ ಉಳಿದಿದ್ದು ಇಲಿಗಳು. ಯಾರನ್ನ ಇಟ್ಕೊಂಡು ಯುದ್ಧ ಮಾಡ್ಬೇಕಿತ್ತು? ಶಾಂತಿ ತರ್ತೀವಿ, ಭೂಮಿ ಹಂಚ್ತೀವಿ ಅಂತಾನೇ ಬಂದೋರು. ಮಾತು ತಪ್ಪಿದ್ರೆ ಅವರನ್ನೂ ಇಳಿಸ್ತಿದ್ವಿ. ಮೊದಲು ಸಹಿ ಹಾಕಲ್ಲ ಅಂದು ನೋಡಿದ್ರು. ಜರ್ಮನರು ರೈಲಲ್ಲಿ ಕೂತ್ಕೊಂಡೇ ಒಂದೊಂದು ಊರು ಹಿಡೀತಾ ಬಂದ್ರು. ತಡೆಯೋಕೆ ಒಬ್ಬನೂ ಇರ್ಲಿಲ್ಲ.

ಯುದ್ಧ ಸಾಕು ಅಂತ ತೀಹೋನ್ ಹೋದ ಜುಲೈಯಲ್ಲೇ ಹೇಳಿದ್ದ, ಆ ಮಂತ್ರಿಗಳ ಕಾಲದಲ್ಲಿ. ದಾಳಿಗೆ ಏಳಿ ಅಂದಾಗ ಬಂದೂಕು ಕೆಳಗಿಟ್ಟ. "ಆ ಕಡೆ ಇರೋನೂ ನನ್ನ ಹಾಗೆ ಹೊಲ ಉಳೋನೇ. ನಾನು ಏಳಲ್ಲ" ಅಂದ.

ಹೌದು, ಜರ್ಮನರ ಗುಂಡಿಗೆ ಸತ್ತ ಅಂತ ನಿಮಗೆ ಕಾಗದ ಬಂತು. ಅದನ್ನ ಬರೆದೋನು ನಾನೇ. ಸುಳ್ಳು ಬರೆದೆ. ಮಂತ್ರಿಗಳು ಸೈನಿಕರಿಗೆ ಮತ್ತೆ ಮರಣದಂಡನೆ ತಂದಿದ್ರಲ್ಲ, ಆ ತಿಂಗಳು... ಒಂದು ಕಣಜದ ಗೋಡೆಗೆ ನಿಲ್ಲಿಸಿ ನಮ್ಮವರೇ ಹೊಡೆದ್ರು. ನಾಲ್ಕು ತಿಂಗಳಾಗಿರ್ಲಿಲ್ಲ, ಅವನು ಹೇಳಿದ್ದನ್ನೇ ಈ ಹೊಸ ಸರ್ಕಾರ ಶಾಂತಿಯ ಆಜ್ಞೆ ಅಂತ ಅಚ್ಚು ಹಾಕಿಸಿ ಬೀದಿಬೀದೀಲಿ ಅಂಟಿಸ್ತು. ಅದನ್ನೂ ಈಗಿನ ಒಪ್ಪಂದವನ್ನೂ ನಿಮ್ಮೂರಲ್ಲಿ ಓದಿ ಹೇಳೋಕೆ ನನ್ನನ್ನ ಕಳಿಸಿದಾರೆ.



ಯಾಕೆ ಹಾಗೆ ನೋಡ್ತೀರಿ? ನನಗೆ ಹೇಗೆ ಗೊತ್ತು ಅಂತಾನಾ? ಅಲ್ಲೇ ಇದ್ದೆ. ದೂರದಲ್ಲಿ... ದೂರದಲ್ಲಿ ನಿಂತಿದ್ದೆ.

ಅಮ್ಮ, ಬೈದಾದ್ರೂ ಬಿಡಿ. ಹೀಗೆ ನನ್ನ ಕಣ್ಣನ್ನೇ ನೋಡ್ಬೇಡಿ.

...ಹತ್ತು ಹೆಜ್ಜೆ. ಹತ್ತೇ ಹೆಜ್ಜೆ ದೂರ. ಗುಂಡು ಹಾರಿಸಲ್ಲ ಅಂದೋನನ್ನ ಅವನ ಪಕ್ಕದಲ್ಲೇ ನಿಲ್ಲಿಸ್ತೀವಿ ಅಂದಿದ್ರು. ಅವನು ಕಣ್ಣಿಗೆ ಬಟ್ಟೆ ಬೇಡ ಅಂದ. ಬಂದೂಕು ಹಿಡಿದು ಸಾಲಲ್ಲಿ ನಿಂತ ನಮ್ಮನ್ನ ಒಬ್ಬೊಬ್ಬರನ್ನಾಗಿ ನೋಡ್ತಾ ಬಂದ. ನನ್ನನ್ನ ನೋಡಿ ತಲೆ ಆಡಿಸ್ದ, ಪರವಾಗಿಲ್ಲ ಅನ್ನೋ ಹಾಗೆ. ಗುಂಡನ್ನ ಮೇಲಕ್ಕೆ ಹಾರಿಸಬಹುದಿತ್ತು ಅಮ್ಮ. ಆಚೀಚೆ ಇದ್ದೋರೆಲ್ಲ ಹಾಗೇ ಮಾಡಿದ್ರು ಅಂತ ಆಮೇಲೆ ಗೊತ್ತಾಯ್ತು. ಅವನ ಎದೆಗೆ ತಾಗಿದ್ದು ಒಂದೇ ಗುಂಡು.