ಪಾರಮ್ಮ ಬರೆದುಕೊಂಡ ಹೆಸರುಗಳು

ಇಲ್ಲ ಕಣೇ, ನಾನು ಮೊದಲು ಪಾಠ ಹೇಳಿದ್ದು ಸ್ಕೂಲಲ್ಲಲ್ಲ. ನಿಮ್ಮಮ್ಮ ಹಂಗೆ ಹೇಳ್ತಾಳೆ, ಅವಳಿಗೇನು ಗೊತ್ತು, ಅವಳಿಗಾಗ ಮೂರು ವರ್ಷ, ಅಲ್ಲ ಅಲ್ಲ, ನಾಲ್ಕು ತುಂಬಿತ್ತು. ನಾನು ಮೊಟ್ಟಮೊದಲು ಅ ಆ ಇ ಈ ತಿದ್ದಿಸಿದ್ದು ಅರವತ್ತೈದು ವರ್ಷದ ಒಬ್ಬರು ಅಮೆರಿಕದ ತಾತಂಗೆ, ಅವರ ಹೆಂಡತಿಗೆ. ನಗಬೇಡ್ರೋ, ನಿಜ. ರಾಜಾಜಿನಗರದ ವಠಾರದಲ್ಲಿದ್ವಲ್ಲ ಆವಾಗ. ಎಂಬತ್ತಾರೋ ಎಂಬತ್ತೇಳೋ ಇರಬೇಕು. ನಿಮ್ಮ ತಾತ ಕೆಲಸ ಮಾಡ್ತಿದ್ದ ಕಾರ್ಖಾನೆ ಲಾಕ್‌ಔಟ್ ಆಗಿ ಏಳು ತಿಂಗಳಾಗಿತ್ತು. ಬೆಳಿಗ್ಗೆ ಎದ್ದು ಶೇವ್ ಮಾಡ್ಕೊಂಡು ಇಸ್ತ್ರಿ ಅಂಗಿ ಹಾಕ್ಕೊಂಡು ಗೇಟ್ ಹತ್ರ ಹೋಗಿ ನಿಂತ್ಕೊಳೋರು, ಇವತ್ತು ತೆಗೀತಾರೆ, ನಾಳೆ ತೆಗೀತಾರೆ ಅಂತ. ಮಧ್ಯಾಹ್ನ ಬಂದು ಗೋಡೆ ಕಡೆ ತಿರುಗಿ ಮಲಗೋರು. ಮನೇಲಿ ನಾನು, ನಮ್ಮತ್ತೆ ಪುಟ್ಟತಾಯಮ್ಮ, ನಿಮ್ಮಮ್ಮ, ಮಡಿಲಲ್ಲಿ ನಿಮ್ಮ ಮಾವ. ರೇಷನ್ ಡಿಪೋದಲ್ಲಿ ಪಾಮೋಲಿನ್ ಎಣ್ಣೆ ಬಂತು ಅಂದ್ರೆ ನಮ್ಮತ್ತೆ ಊಟ ಬಿಟ್ಟು ಕ್ಯೂ ನಿಲ್ಲೋರು. ಎರಡು ಹೊತ್ತೂ ರಾಗಿನೇ, ಬೆಳಿಗ್ಗೆ ಅಂಬಲಿ, ರಾತ್ರಿ ಮುದ್ದೆ, ಸಾರಲ್ಲಿ ಬೇಳೆ ಹುಡುಕಬೇಕಾಗಿತ್ತು.

ಅಷ್ಟರಲ್ಲಿ ಓನರ್ ಆಂಟಿ ಬಂದು, "ಸಾವಿತ್ರಿ, ಮೇಲ್ಗಡೆ ಮಹಡಿಗೆ ಒಂದು ವಯಸ್ಸಾದ ಜೋಡಿ ಬಂದಿದೆ ಕಣಮ್ಮ, ಅಮೆರಿಕದೋರು. ಕನ್ನಡ ಹೇಳ್ಕೊಡೋರು ಬೇಕಂತೆ, ಸಂಬಳ ಕೊಡ್ತಾರಂತೆ. ನೀನು ಬಿ.ಎ. ಓದಿದೀಯಲ್ಲ" ಅಂದ್ರು. ಬಿ.ಎ. ಓದಿ ಆರು ವರ್ಷ ಆಗಿತ್ತು, ಸರ್ಟಿಫಿಕೇಟು ಟ್ರಂಕಿನ ತಳದಲ್ಲಿ ಮದುವೆ ಸೀರೆ ಕೆಳಗಿತ್ತು. ನಾನು ಹೂಂ ಅಂದ್ಬಿಟ್ಟೆ, ಅತ್ತೇನೂ ಕೇಳಲಿಲ್ಲ, ನಿಮ್ಮ ತಾತನ್ನೂ ಕೇಳಲಿಲ್ಲ.

ಅವರು ಮಾರ್ಮನ್ ಅನ್ನೋ ಪಂಗಡದ ಕ್ರಿಶ್ಚಿಯನ್ನರು. ನಮಗೆ ಚರ್ಚ್ ಗೊತ್ತು, ಸಿಸ್ಟರ್‌ಗಳ ಕಾನ್ವೆಂಟ್ ಗೊತ್ತು, ಇದು ಗೊತ್ತಿರಲಿಲ್ಲ. ಆಗಿನ್ನೂ ನಮ್ಮ ದೇಶಕ್ಕೇ ಅವರು ಹೊಸಬರು, ಇಡೀ ಬೆಂಗಳೂರಲ್ಲಿ ಬೆರಳಲ್ಲಿ ಎಣಿಸೋಷ್ಟು ಜನ. ಭಾನುವಾರ ಆ ಮಹಡಿ ಹಾಲಲ್ಲೇ ಮಡಚೋ ಕುರ್ಚಿ ಹಾಕ್ಕೊಂಡು ಹನ್ನೊಂದು ಹನ್ನೆರಡು ಜನ ಸೇರಿ ಪ್ರಾರ್ಥನೆ ಮಾಡೋರು. ಬೀದಿ ಬೀದಿ ಸುತ್ತಿ ಕರೀತಿರಲಿಲ್ಲ, ಅದನ್ನೂ ಹೇಳ್ಬೇಕು, ಕೇಳ್ಕೊಂಡು ಬಂದೋರಿಗೆ ಮಾತ್ರ ಹೇಳೋರು. ಅವರಲ್ಲಿ ಗಂಡಸರಿಗೆ ಎಲ್ಡರ್ ಅನ್ನೋದು, ಹೆಂಗಸರಿಗೆ ಸಿಸ್ಟರ್ ಅನ್ನೋದು. ಇವರು ಎಲ್ಡರ್ ಪಾರ್ಮರ್, ಸಿಸ್ಟರ್ ಪಾರ್ಮರ್. ಆಯಪ್ಪ ಊರಲ್ಲಿ ಹಸು ಸಾಕ್ಕೊಂಡಿದ್ದ ರೈತರು. ವಯಸ್ಸಾಯ್ತು, ಮಕ್ಕಳು ನೋಡ್ಕೋತಾರೆ ಅಂತ ಹಸುಗಳನ್ನ ಬಿಟ್ಟು, ಸ್ವಂತ ಖರ್ಚಲ್ಲಿ ಧರ್ಮದ ಕೆಲಸಕ್ಕೆ ಅಂತ ಇಷ್ಟು ದೂರ ಬಂದಿದ್ರು. ನಮ್ಮತ್ತೆ ಬಾಯಲ್ಲಿ ಪಾರ್ಮರ್ ಹೊರಳಲಿಲ್ಲ. ಒಂದೇ ವಾರದಲ್ಲಿ ಪಾರಪ್ಪ ಪಾರಮ್ಮ ಆಗೋದ್ರು.

ಮೊದಲನೇ ದಿನ ಇಬ್ಬರೂ ಕೆಳಗೆ ನಮ್ಮನೆಗೆ ಬಂದ್ರು, ಪರಿಚಯ ಮಾಡ್ಕೊಳಕ್ಕೆ. ನಮ್ಮನೇಲಿ ಕಾಫಿಪುಡಿ ಕಂಡು ತಿಂಗಳಾಗಿತ್ತು. ಅತ್ತೆ ಹಿಂದಿನ ಬಾಗಿಲಿಂದ ಹೋಗಿ ಎದುರು ಮನೆ ಲಲಿತಮ್ಮನ ಹತ್ರ ಪುಡಿ ಇಸ್ಕೊಂಡು, ಮಗೂಗೆ ಅಂತ ಇಟ್ಟಿದ್ದ ಹಾಲಲ್ಲಿ, ಗೊತ್ತಾಯ್ತಾ, ಮಗೂನ ಹಾಲಲ್ಲಿ, ಕಾಫಿ ಮಾಡಿ ಎರಡು ಲೋಟ ತಂದಿಟ್ರು. ಪಾರಪ್ಪ ಕೈ ಮುಗಿದು ಇಂಗ್ಲಿಷಲ್ಲಿ ಏನೋ ಅಂದ್ರು. "ಏನಂತೆ?" ಅಂದ್ರು ಅತ್ತೆ. "ಅವರು ಕಾಫಿ ಕುಡಿಯಲ್ವಂತೆ ಅತ್ತೆ. ಟೀನೂ ಇಲ್ವಂತೆ. ಅವರ ಧರ್ಮದಲ್ಲಿ ಇಲ್ವಂತೆ." ಅತ್ತೆ ಮುಖ ಸಣ್ಣದಾಯ್ತು. "ಕಾಫಿ ಕುಡೀದೆ ಇರೋ ಧರ್ಮ ಯಾವುದಿದೆ? ನಮ್ಮನೇದು ಅಂತ ಬೇಡ ಅಂತಾರೇನೋ ಕೇಳು." ನಾನು ಅದನ್ನ ಹಂಗೇ ಕೇಳಕ್ಕಾಗುತ್ತಾ? "ಅತ್ತೆಗೆ ಬೇಜಾರಾಯ್ತು" ಅಂತಷ್ಟೇ ಅಂದೆ. ಆಯಮ್ಮ, ಪಾರಮ್ಮ, ಸೀದಾ ಎದ್ದು ಅಡುಗೆ ಮನೆ ಬಾಗಿಲಿಗೆ ಬಂದು ನಿಂತು ಒಲೆ ಪಕ್ಕ ಇದ್ದ ಅಂಬಲಿ ಪಾತ್ರೆ ತೋರಿಸಿ, ಇದು ಕೊಡ್ತೀರಾ ಅಂತ ಸನ್ನೆ ಮಾಡಿದ್ರು. ಮಜ್ಜಿಗೆ ಹಾಕಿದ ಅಂಬಲಿ ಇಬ್ಬರೂ ಪೂರ್ತಿ ಕುಡಿದ್ರು, ಪಾರಪ್ಪಂಗೆ ಮೀಸೆ ಇಲ್ದಿದ್ರೂ ಮೀಸೆ ಬಂದಿತ್ತು. ಅತ್ತೆ ಬಾಗಿಲ ಸಂದೀಲಿ ನಿಂತು ನಕ್ಕಿದ್ದು ನೋಡಿದೆ. ಏಳು ತಿಂಗಳಾದ್ಮೇಲೆ ನಮ್ಮನೇಲಿ ಕೇಳಿಸಿದ ನಗು ಅದು.

ಪಾಠ ಶುರುವಾಯ್ತು. ದಿನಾ ಹತ್ತು ಗಂಟೆಗೆ ಮಹಡಿಗೆ ಹೋಗೋದು, ಹನ್ನೆರಡಕ್ಕೆ ಇಳಿಯೋದು. ಪಾರಪ್ಪಂಗೆ ಳ ಬರ್ತಿರಲಿಲ್ಲ. ನಾಲಿಗೆ ಮಡಚಿ ಮಡಚಿ ಸಾಕಾಗಿ, ಕೊನೆಗೆ ಎಲ್ಲಾ ಲ ಅಂದ್ಬಿಡೋರು. ಬಾಗಿಲಿಗೆ ಬಂದ ತರಕಾರಿಯವನಿಗೆ "ತಾವು ಕುಂಬಲಕಾಯಿಯನ್ನು ಹೊಂದಿದ್ದೀರಾ" ಅಂತ ಪುಸ್ತಕದ ಕನ್ನಡ ಮಾತಾಡಿ, ಅವನು ಗಾಡಿ ಬಿಟ್ಟು ಕೈ ಕಟ್ಕೊಂಡು ನಿಂತ್ಬಿಟ್ಟಿದ್ದ. ಆಮೇಲೆ ಅವರ ಪ್ರಾರ್ಥನೆನ ಕನ್ನಡ ಮಾಡ್ಕೊಡಮ್ಮ ಅಂದ್ರು. ಆಗ ಒಂದು ಜಗಳ ಬಂತು ನೋಡಿ, ಜಗಳ ಅಲ್ಲ, ಚರ್ಚೆ. ನಾನು "ದೇವರೇ, ನೀನು" ಅಂತ ಬರೆದಿದ್ದೆ. ಪಾರಪ್ಪ ಕೆಂಪಗಾಗಿ, "ತರಕಾರಿಯವರಿಗೆ ನೀವು, ಪೋಸ್ಟ್‌ಮ್ಯಾನಿಗೆ ನೀವು, ನನಗೆ ನೀವು, ದೇವರಿಗೆ ಮಾತ್ರ ನೀನಾ? ನೀವೇ ತಾನೆ ಮರ್ಯಾದೆ ಅಂತ ಹೇಳ್ಕೊಟ್ಟಿದ್ದು" ಅಂದ್ರು. "ಸಾರ್, ನಾನು ನಮ್ಮಮ್ಮಂಗೆ ನೀನು ಅಂತೀನಿ. ಅತ್ತೆಗೆ ನೀವು ಅಂತೀನಿ. ಇಬ್ಬರಲ್ಲಿ ಯಾರ ಹತ್ರ ಅಳ್ತೀನಿ ಹೇಳಿ" ಅಂದೆ. ಆಯಪ್ಪ ಪೆನ್ನಿನ ಮುಚ್ಚಳ ಹಾಕಿ, ನೀನು ಅಂತಲೇ ಇರಲಿ ಅಂದ್ರು. ಅವತ್ತು ಕೆಳಗಿಳಿಯೋವಾಗ ನನಗೆ, ಏನಂತ ಹೇಳ್ಲಿ, ನಾನೂ ಒಬ್ಬಳು ಇದೀನಿ ಅನ್ನಿಸ್ತು.

ಆದ್ರೆ ವಠಾರ ಅಂದ್ರೆ ವಠಾರನೇ. ಭಾನುವಾರ ಅವರ ಹಾಡು ಕೆಳಗೆ ಕೇಳಿಸೋದು. ಲಲಿತಮ್ಮ ಒಂದಿನ ನಲ್ಲಿ ಹತ್ರ, "ಪುಟ್ಟತಾಯಮ್ಮನೋರೇ, ನಿಮ್ಮ ಸೊಸೆ ಅಲ್ಲಿಗೆ ಸೇರ್ಕೊಂಡ್ಳಂತೆ ಹೌದಾ? ಶನಿವಾರ ಭಜನೇಲಿ ಎಲ್ಲರೂ ಕೇಳ್ತಿದ್ದಾರೆ" ಅಂದ್ಬಿಟ್ರು. ಆ ಭಜನೇಲಿ ನಮ್ಮತ್ತೇನೇ ಮೊದಲು ಹೇಳಿಕೊಡೋರು. ಕೊಡ ಅಲ್ಲೇ ಬಿಟ್ಟು ಬಂದ್ರು. "ಸಾವಿತ್ರಿ, ನಾಳೆಯಿಂದ ಮೇಲೆ ಹೋಗಬೇಡ." "ಅತ್ತೆ, ನಾನು ಅಕ್ಷರ ಹೇಳ್ಕೊಡ್ತೀನಿ ಅಷ್ಟೇ." "ನಂಗೊತ್ತು. ಊರಿಗೆ ಗೊತ್ತಿಲ್ಲ." ನಿಮ್ಮ ತಾತ ಗೋಡೆ ಕಡೆ ತಿರುಗಿದ್ದೋರು ಎದ್ದು ಕೂತು, "ಅವ್ವ, ಅವಳು ಹೋಗಿಲ್ಲ ಅಂದ್ರೆ ಒಲೆ ಹತ್ತಲ್ಲ" ಅಂದ್ರು. ಅದಕ್ಕೆ ಅತ್ತೆ ಅಂದಿದ್ದು, "ಹಂಗಾದ್ರೆ ನಾನೇ ಹೋಗಿ ಕೇಳ್ತೀನಿ, ನಮ್ಮ ಹುಡುಗೀನ ಏನು ಮಾಡಬೇಕು ಅಂತಿದೀರಿ ಅಂತ." ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಮೆಟ್ಟಿಲು ಹತ್ತೇಬಿಟ್ರು. ನಾನು ಹಿಂದೆ ಓಡಿದೆ.

ಮೇಲೆ ಪಾರಮ್ಮ ಒಬ್ಬರೇ ಇದ್ರು. ಮೇಜಿನ ತುಂಬ ದೊಡ್ಡ ಹಾಳೆ ಹರವಿಕೊಂಡು ಬರೀತಾ ಇದ್ರು. ಮರದ ಕೊಂಬೆ ಥರ ಗೆರೆ, ಗೆರೆ ಮೇಲೆಲ್ಲಾ ಹೆಸರು. ಅತ್ತೆ ಜಗಳಕ್ಕೆ ಅಂತ ಬಂದೋರು, "ಅದೇನು ಕೇಳು" ಅಂದ್ರು. ಅದು ಅವರ ವಂಶದ ಪಟ್ಟಿ. ಅವರ ಅಪ್ಪ, ಅಪ್ಪನ ಅಪ್ಪ, ಅವರ ಹೆಂಡತಿ, ಹಿಂಗೆ ಏಳು ತಲೆ. ಸತ್ತೋರ ಹೆಸರೆಲ್ಲಾ ಬರೆದಿಡೋದು ಅವರಲ್ಲಿ ದೊಡ್ಡ ಕೆಲಸವಂತೆ. ಅತ್ತೆ ಅಲ್ಲೇ ಕೂತ್ಕೊಂಡ್ರು. "ಹೆಂಗಸರ ಹೆಸರೂ ಬರೀತಾರಾ?" ಬರೀತಾರೆ ಅಂದೆ. "ನಾನು ಪಿತೃಪಕ್ಷದಲ್ಲಿ ಎಡೆ ಇಡೋವಾಗ ಮನಸ್ಸಲ್ಲೇ ಹೇಳ್ಕೋತೀನಿ. ಯಾರೂ ಬರ್ಕೊಂಡಿಲ್ಲ" ಅಂದ್ರು. ಪಾರಮ್ಮ ಹೊಸ ಹಾಳೆ ತೆಗೆದ್ರು. ಅತ್ತೆ ಹೇಳ್ತಾ ಹೋದ್ರು, ನಮ್ಮವ್ವ ಹನುಮಕ್ಕ, ಅವಳವ್ವ ಚಿಕ್ಕಹೊನ್ನಮ್ಮ, ಅವಳ ಅಕ್ಕ ಗಂಗಮ್ಮ, ಬ್ಯಾಡರಹಳ್ಳಿ ಕಡೆಯೋರು, ಆಗ ಅದೆಲ್ಲಾ ಹೊಲಾನೇ. ನಾನು ಇಂಗ್ಲಿಷಲ್ಲಿ ಅಕ್ಷರ ಬಿಡಿಸಿ ಹೇಳ್ತಾ ಹೋದೆ. ಹದಿನಾಲ್ಕು ಹೆಸರಾದ್ಮೇಲೆ ಅತ್ತೆ ನಿಲ್ಲಿಸಿದ್ರು. ಆಮೇಲೆ ಮೆಲ್ಲಗೆ, "ಜಯ ಅಂತ ಬರಿಯಕ್ಕೆ ಹೇಳು. ನನ್ನ ಮೊದಲನೇ ಮಗು. ಐದು ವರ್ಷ" ಅಂದ್ರು. ನನಗೆ ಆ ಹೆಸರೇ ಗೊತ್ತಿರಲಿಲ್ಲ ಕಣೇ. ಆರು ವರ್ಷ ಆ ಮನೇಲಿ ಬಾಳಿದೀನಿ, ನಿಮ್ಮ ತಾತಂಗೆ ಒಬ್ಬಳು ಅಕ್ಕ ಇದ್ಲು ಅಂತ ಯಾರೂ ಹೇಳಿರಲಿಲ್ಲ. ಪಾರಮ್ಮ ಅದೇನೋ ಅರ್ಥ ಮಾಡ್ಕೊಂಡು ತಮ್ಮ ಹಾಳೇಲಿ ಒಂದು ಹೆಸರು ಮುಟ್ಟಿ ತೋರಿಸಿದ್ರು. ಅವರಿಗೂ ಒಬ್ಬಳು ಮಗಳು ಹೋಗಿದ್ಲು.

ಈಗ ನನ್ನ ಕಷ್ಟ ಕೇಳಿ. ಅದೇ ವಾರ ನಾನು ಅವರ ಒಂದು ಪುಸ್ತಕ ಕನ್ನಡ ಮಾಡ್ತಾ ಇದ್ದೆ. ಅದರಲ್ಲಿತ್ತು, ಸತ್ತೋರ ಹೆಸರು ಯಾಕೆ ಬರ್ಕೋತಾರೆ ಅಂತ. ಅವರ ಧರ್ಮ ತಿಳೀದೆ ಸತ್ತೋರಿಗೂ ದಾರಿ ಇರಲಿ ಅಂತ, ಅವರ ಹೆಸರು ಹೇಳಿ ಬದುಕಿರೋರು ಯಾರಾದ್ರೂ ನೀರಲ್ಲಿ ಮುಳುಗಿ ದೀಕ್ಷೆ ತಗೋತಾರೆ. ಅವರ ಲೆಕ್ಕದಲ್ಲಿ ಅದು ಪ್ರೀತಿನೇ, ಒಪ್ಪೋದು ಬಿಡೋದು ಸತ್ತೋರಿಗೇ ಬಿಟ್ಟಿದ್ದು ಅಂತಾರೆ. ಪಾರಮ್ಮಂಗೆ ಆ ಘಳಿಗೇಲಿ ಅದೆಲ್ಲಾ ಮನಸ್ಸಲ್ಲಿತ್ತೋ ಇಲ್ವೋ, ನನಗಂತೂ ಇತ್ತು. ಹೇಳದಿದ್ರೆ ಇಬ್ಬರೂ ಸಂತೋಷವಾಗಿರ್ತಾರೆ, ನನ್ನ ಕೆಲಸನೂ ಉಳಿಯುತ್ತೆ. ಹೇಳಿದ್ರೆ ಎರಡೂ ಹೋಗುತ್ತೆ. ನಮ್ಮತ್ತೆ ಆ ಹಾಳೆನ ಮಗೂ ಥರ ಸವರ್ತಾ ಕೂತಿದ್ರು. "ಅತ್ತೆ, ಒಂದು ಮಾತು" ಅಂದೆ. ಎಲ್ಲಾ ಹೇಳಿದೆ. ಆಮೇಲೆ ಪಾರಮ್ಮನ ಕಡೆ ತಿರುಗಿ, ಅತ್ತೆಗೆ ಇದನ್ನ ಹೇಳಿದೀನಿ ಅಂತ ಇಂಗ್ಲಿಷಲ್ಲೂ ಹೇಳಿದೆ.

ಅತ್ತೆ ಕೋಪ ಮಾಡ್ಕೋತಾರೆ ಅಂದ್ಕೊಂಡಿದ್ದೆ. ಮಾಡ್ಕೊಳಲಿಲ್ಲ. ಹಾಳೆ ಮೇಲೆ ಕೈಯಿಟ್ಕೊಂಡು, "ಹೇಳು ಆಯಮ್ಮಂಗೆ. ನಮ್ಮವ್ವ ಗಂಗೆ ಪೂಜೆ ಮಾಡ್ಕೊಂಡು ಹೋದೋಳು, ಅವಳು ಎಲ್ಲಿದ್ದಾಳೋ ಅಲ್ಲೇ ಚೆನ್ನಾಗಿರಲಿ. ಜಯನ್ನ ಮಾತ್ರ ನೀರಿಗಿಳಿಸಬೇಡ ಅನ್ನು. ಅವಳು ಹೋಗಿದ್ದೇ ಕೆರೇಲಿ. ನಾನು ಬಟ್ಟೆ ಒಗೀತಾ ಇದ್ದೆ" ಅಂದ್ರು. ಅಷ್ಟನ್ನ ಇಂಗ್ಲಿಷಲ್ಲಿ ಹೇಳಕ್ಕೆ ನನಗೆ ಎಷ್ಟು ಹೊತ್ತಾಯ್ತೋ. ಒಂದೊಂದು ಪದಕ್ಕೂ ನಿಲ್ತಿದ್ದೆ. ಪಾರಮ್ಮ ಕಣ್ಣೊರೆಸಿಕೊಂಡು ಹಾಳೆ ಮಡಚಿ ಎರಡೂ ಕೈಯಲ್ಲಿ ಅತ್ತೆಗೆ ಕೊಟ್ಬಿಟ್ರು. "ನಿಮ್ಮ ಹೆಸರುಗಳು. ನಿಮ್ಮ ಮನೆ. ನೀವು ಇಟ್ಟುಕೊಳ್ಳಿ" ಅಂತ, ನಾನು ಕಲಿಸಿದ ಕನ್ನಡದಲ್ಲೇ, ಒಂದೊಂದೇ ಪದ. ಆಮೇಲೆ ನನ್ನ ಕೈಲಿ ಕೇಳಿಸಿದ್ರು, ಜಯನ ಹೆಸರೊಂದನ್ನ ತಮ್ಮ ಸ್ವಂತ ಡೈರೀಲಿ ತಮ್ಮ ಮಗಳ ಹೆಸರಿನ ಪಕ್ಕ ಬರ್ಕೋಬಹುದಾ, ಯಾವ ಶಾಸ್ತ್ರಕ್ಕೂ ಅಲ್ಲ, ನೆನಪಿಗೆ ಅಂತ. ಅತ್ತೆ ತಲೆ ಆಡಿಸಿದ್ರು. "ಕನ್ನಡದಲ್ಲಿ ಬರೀಲಿ" ಅಂದ್ರು. ಪಾರಮ್ಮ ಜ ಬರೆದ್ರು, ಸೊಟ್ಟಗೆ. ಯ ನಾನು ಕೈ ಹಿಡಿದು ಬರೆಸಿದೆ.

ಕೆಳಗೆ ಬಂದು ಅತ್ತೆ ಆ ಹಾಳೆನ ಅಕ್ಕಿ ಡಬ್ಬದ ಹಿಂದಿನ ದೇವರ ಗೂಡಲ್ಲಿಟ್ರು. ನಿಮ್ಮ ತಾತ "ಏನಾಯ್ತು ಅವ್ವ" ಅಂದ್ರೆ, "ನಿನ್ನ ಅಕ್ಕನ ಹೆಸರು ಬರೆಸ್ಕೊಂಡು ಬಂದೆ" ಅಂದ್ರು. ನಿಮ್ಮ ತಾತ ಮಗು ಥರ ಅತ್ತಿದ್ದು ನಾನು ಆವತ್ತೊಂದೇ ದಿನ ನೋಡಿದ್ದು. ಆ ಶನಿವಾರ ಭಜನೇಲಿ ಲಲಿತಮ್ಮ ಮತ್ತೆ ಶುರು ಮಾಡಿದ್ರಂತೆ. ಅತ್ತೆ ತಾಳ ಕೆಳಗಿಟ್ಟು, "ನನ್ನ ಸೊಸೆ ಅಲ್ಲಿ ಮೇಷ್ಟ್ರು. ಏನು ಕಲಿಸ್ತಾಳೆ ಅಂತ ನಾನೇ ಕೂತು ನೋಡಿ ಬಂದಿದೀನಿ" ಅಂದ್ರಂತೆ. ಹಂಗಂದು ತಾಳ ಎತ್ಕೊಂಡು ಮುಂದಿನ ಹಾಡು ಶುರು ಮಾಡಿದ್ರಂತೆ.

ಪಾರಪ್ಪ ಪಾರಮ್ಮ ಒಂದೂವರೆ ವರ್ಷ ಇದ್ರು. ಅವಧಿ ಮುಗೀತು, ಹೊರಟ್ರು. ಅವರ ಸಭೆ ಅಷ್ಟೊತ್ತಿಗೆ ಮೂವತ್ತು ಜನ ಆಗಿತ್ತು, ಬೇರೆ ಕಡೆ ದೊಡ್ಡ ಜಾಗ ಹಿಡಿದ್ರು. ನಾನು ಸೇರಲಿಲ್ಲ, ಸೇರು ಅಂತ ಅವರು ಒತ್ತಾಯಾನೂ ಮಾಡಲಿಲ್ಲ. ಒಂದು ಸಲ ಕೇಳಿದ್ರು, ಇಲ್ಲ ಅಂದೆ, ಮಾರನೇ ದಿನ ಮತ್ತೆ ಪಾಠ. ಹೋಗೋವಾಗ ಪಾರಪ್ಪ, ಈಕೆ ಚೆನ್ನಾಗಿ ಪಾಠ ಹೇಳ್ತಾರೆ ಅಂತ ಟೈಪ್ ಮಾಡಿಸಿ ಕೊಟ್ಟ ಕಾಗದ ಹಿಡ್ಕೊಂಡೇ ನಾನು ವಿಜಯನಗರದ ಸ್ಕೂಲಿಗೆ ಹೋಗಿದ್ದು, ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದು. ನಿಮ್ಮ ತಾತನ ಕಾರ್ಖಾನೆ ಮತ್ತೆ ತೆಗೀಲೇ ಇಲ್ಲ, ಹೊಸಹಳ್ಳಿ ಹತ್ರ ಒಂದು ಲೇತ್ ಶೆಡ್ಡಿಗೆ ಸೇರ್ಕೊಂಡ್ರು. ಹೆಂಗೋ ಆಯ್ತು.

ಅದಕ್ಕೇ ಹೇಳೋದು, ಇಬ್ಬರ ಮಧ್ಯೆ ನಿಂತು ಮಾತು ದಾಟಿಸೋ ಕೆಲಸ ನಿಮ್ಮ ಪಾಲಿಗೆ ಬಂದ್ರೆ, ಅರ್ಧ ನುಂಗಬೇಡಿ. ಎರಡು ಕಡೆಗೂ ಪೂರ್ತಿ ಹೇಳಿ. ಜನ ನಾವಂದ್ಕೊಂಡಷ್ಟು ಚಿಕ್ಕೋರಾಗಿರಲ್ಲ. ಏಳಿ ಈಗ, ಕೈಕಾಲು ತೊಳ್ಕೊಳ್ಳಿ, ಮುದ್ದೆ ಆರ್ತಾ ಇದೆ.