ಒಂದು ದಿನದ ಗಿಲಾವು

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಮಾದಾಪುರದ ರಸ್ತೆಯಲ್ಲಿ ಮೊಣಕಾಲುಮಟ ನೀರು, ನಾಂಪಲ್ಲಿಯ ಕಡೆ ಹೋಗುವ ಬಸ್ಸುಗಳು ನಿಂತಲ್ಲೇ ನಿಂತಿದ್ದವು. ಒಂದು ಕಂಪ್ಯೂಟರ್ ಕಂಪನಿ ಖಾಲಿ ಮಾಡಿ ಇನ್ನೊಂದು ಬರಲಿದ್ದ ಕಟ್ಟಡದ ಕೆಳಗಿನ ಹಜಾರದಲ್ಲಿ, ಕರೆಂಟಿಲ್ಲದ ಮಬ್ಬಿನಲ್ಲಿ, ಕೂಲಿಯವರು ಸಿಮೆಂಟು ಚೀಲಗಳ ಮೇಲೆ ಕುಳಿತಿದ್ದರು. ರೇಣುಕಾಗೆ ಮಾತ್ರ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಎದುರಿನ ಗೋಡೆಯಲ್ಲಿ ಬಾಗಿಲಗಲದ ಒಂದು ಜಾಗ ಎಂದೂ ಒಣಗುತ್ತಿರಲಿಲ್ಲ. ಅದನ್ನು ಕೆತ್ತಿ ಹೊಸ ಗಿಲಾವು ಮೆತ್ತಲು ಅವಳ ಗಂಡ ಮಲ್ಲು ಒಪ್ಪಿಕೊಂಡಿದ್ದ, ನಾಳೆ ಬೆಳಿಗ್ಗೆಯೇ ಕೆಲಸ. ಅವಳ ತಂದೆ ಬಂಡೆಪ್ಪ, ಎಪ್ಪತ್ತು ದಾಟಿದ ಗೌಂಡಿ, ನಿನ್ನೆ ಆ ಮಾತು ಕೇಳಿದಾಗಿನಿಂದ ಅನ್ನ ಮುಟ್ಟಿರಲಿಲ್ಲ. ಕೆಲಸ ಬಿಟ್ಟು ವರ್ಷವಾಗಿದ್ದರೂ ಇವತ್ತು ಹಟ ಹಿಡಿದು ಜೊತೆಗೆ ಬಂದಿದ್ದ. ಈಗ ಆ ಒದ್ದೆ ಜಾಗದ ಮೇಲೆ ಯಾರೋ ಗೋಣಿತಟ್ಟು ಇಳಿಬಿಟ್ಟಿದ್ದರು. ಮುದುಕ ಅದರ ಕೆಳಗೇ, ಕೈಗಳನ್ನು ಕಂಬಳಿಯೊಳಗೆ ಹುದುಗಿಸಿಕೊಂಡು ಕುಳಿತಿದ್ದ.

“ಮಳಿ ನಿಲ್ಲೂತನಕ ಒಂದು ಮಾತು ಹೇಳ್ತೀನಿ, ಕೇಳ್ರಿ,” ಎಂದ.

“ಏಳು ವರ್ಷದ ಹಿಂದ ಈ ಗ್ವಾಡಿ ತುಂಬ ಒಂದು ಚಿತ್ರ ಇತ್ತು... ನಿಮಗ ಹೆಂಗ ಗೊತ್ತಿರಬೇಕು? ಕಂಪನಿ ಸಾಹೇಬ ಇಟಲಿಗೆ ಹೋಗಿ ಬಂದಿದ್ದ, ಅಲ್ಲಿಯ ಹಳೇ ಚರ್ಚಿನ ಗ್ವಾಡಿ ಮ್ಯಾಲಿನ ಮದುವಿ ಊಟದ ಚಿತ್ರ ಅವನ ತಲ್ಯಾಗ ಕುಂತುಬಿಟ್ಟಿತ್ತು, ಅಂಥಾದ್ದೇ ಬೇಕು ಅಂದ. ಬರದವರು ಅಮರಯ್ಯಾರು. ಅಬಿಡ್ಸಿನಾಗ ಸಿನಿಮಾ ಬ್ಯಾನರ್ ಬರೀತಿದ್ರು, ಮಷೀನಿನ ಬ್ಯಾನರ್ ಬಂದು ಖಾಲಿ ಕುಂತಿದ್ರು. ಗಿಲಾವು ನಂದು. ಸುಣ್ಣ ಕಲಸಿ ಕೊಡಾಂವ ನನ್ನ ತಮ್ಮ ಹುಲಗೇಶ.

“ಆ ಥರದ ಚಿತ್ರಕ್ಕ ಗಿಲಾವು ಹಸಿ ಇರಬೇಕ್ರಿ. ಹಸಿ ಸುಣ್ಣದ ಮ್ಯಾಲ ಹಚ್ಚಿದ ಬಣ್ಣಾನ ಗ್ವಾಡಿ ಕುಡದು ಇಟ್ಟುಕೊಂತತಿ. ಅದಕ್ಕ ಒಂದು ದಿನಕ್ಕ ಎಷ್ಟು ಬರೀಬಹುದೋ ಅಷ್ಟೇ ಮೆತ್ತಬೇಕು, ಒಂದು ಗೇಣು ಹೆಚ್ಚಿಲ್ಲ. ಊಟದ ಹೊತ್ತಿನಾಗ ಅಮರಯ್ಯಾರು ಆ ಚಿತ್ರ ಮೊದಲು ಬರದಾಂವನ ಕತಿ ಹೇಳಾವ್ರು. ಲೊರೆಂಜೋ ಅಂತ, ನಾಕುನೂರು ವರ್ಷದ ಹಿಂದಿನಾಂವ. ಭಾಳ ದೊಡ್ಡ ಕೈ, ಆದ್ರ ಒಂದು ಕಡೆ ನಿಲ್ಲಾಂವಲ್ಲ. ಒಂದೂರಿನ ಗ್ವಾಡಿ ಅರ್ಧಕ್ಕ ಬಿಟ್ಟು ಇನ್ನೊಂದೂರಾಗ ಶುರು ಮಾಡಾಂವ. ಹಂಗ ಅವಸರ ಮಾಡಿ ಒಂದಿನ, ಹಗ್ಗ ಬಿಗಿದು ಕಟ್ಟದ ಹಲಗಿ ಮ್ಯಾಲ ತನ್ನ ಗೌಂಡೀನ್ನ ಹತ್ತಿಸಿದ. ಆಳು ಬಿದ್ದು ಸತ್ತ. ಸತ್ತಾಂವ ಮೆತ್ತಿದ್ದ ಜಾಗ ಒಣಗಲೇ ಇಲ್ಲ... ಬ್ಯಾರೆ ಯಾರು ಮೆತ್ತಿದ್ರೂ ಅದರಾಗ ಮೆತ್ತಿದವರ ಮಾರಿ ಮೂಡತಿತ್ತು. ವರ್ಷ ತುಂಬೂದ್ರಾಗ ಅವರು ಇರತಿರಲಿಲ್ಲ. ಲೊರೆಂಜೋ ಹನ್ನೆರಡು ವರ್ಷ ಊರೂರು ಅಲದ, ಎಲ್ಲೂ ಕಣ್ಣು ಹತ್ತಲಿಲ್ಲ. ಕಡೀಗೆ ತಿರುಗಿ ಬಂದು ತಾನೇ ಕರಣಿ ಹಿಡದು ಮೆತ್ತಿದ. ಅವನ ಮಾರಿ ಮೂಡ್ತು. ಅವ ಹೋದ, ಗ್ವಾಡಿ ಒಣಗಿತು. ಆ ಮದುವಿ ಊಟದಾಗ ಬಾಗಲಿಗೆ ನಿಂತಾಂವ ಅವನೇ ಅಂತ.

“ನಾ ನಕ್ಕೆ... ಯಾರು ನಂಬ್ತಾರ ಇಂಥಾದ್ದು? ಆಮ್ಯಾಲ ಒಂದಿನ, ಮರುದಿನ ನಮ್ಮ ರೇಣುಕಾನ ನಿಶ್ಚಯ ಇತ್ತು, ರಾಯಚೂರು ಗಾಡಿ ತಪ್ಪತೈತಿ ಅಂತ ಎರಡು ದಿನದ ಗಿಲಾವು ಒಂದೇ ದಿನಕ್ಕ ಬಳದೆ. ಸುಣ್ಣ ಒಣಗಾಕ ಹತ್ತಿತು, ಅಮರಯ್ಯಾರು ಒದ್ದಾಡಾಕ ಹತ್ತಿದ್ರು. ಬಾಗಲಿಗೆ ನಿಂತಾಂವನ ಮಾರಿ ಒಂದೇ ಉಳದಿತ್ತು. ಹುಲಗೇಶ ಮ್ಯಾಲ ಬಂದು ನಿಲ್ಲಲಿ, ಅವನ್ನೇ ನೋಡಿ ಬರೀತೀನಿ ಅಂದ್ರು. ‘ಹಲಗಿ ಕಟ್ಟಿದೇನಣ್ಣ?’ ಅಂತ ಕೇಳಿದ ನನ್ನ ತಮ್ಮ. ‘ಹತ್ತೋ, ಹೊತ್ತಾತು,’ ಅಂದೆ... ಕಟ್ಟಿರಲಿಲ್ಲ.”

ಹುಲಗೇಶ ಕಾಕಾ ತಾನಾಗಿಯೇ ಕಾಲು ಜಾರಿ ಬಿದ್ದು ಸತ್ತನೆಂದು ರೇಣುಕಾ ಇಷ್ಟು ವರ್ಷ ನಂಬಿದ್ದಳು. ಅಪ್ಪನ ಮೇಲೆ ಸಿಟ್ಟೂ ಕನಿಕರವೂ ಒಟ್ಟಿಗೇ ಬಂದವು.

“ಚಿತ್ರ ಅಳಿಸಿ ಸುಣ್ಣ ಬಳದ್ರು. ಬಾಗಲಿಗೆ ನಿಂತಾಂವ ಇದ್ದ ಈ ಜಾಗ ಮಾತ್ರ ಒಣಗಲಿಲ್ಲ. ಎರಡು ಸಲ ಬ್ಯಾರೆ ಗೌಂಡ್ಯಾರು ಮೆತ್ತಿದ್ರು. ವರ್ಷ ತುಂಬೂದ್ರಾಗ ಇಬ್ಬರ ಮಣ್ಣಿಗೂ ಹೋಗಿ ಬಂದೀನಿ... ಆದ್ರೂ ಬಾಯಿ ಬಿಟ್ಟೇನೇನು ನಾನು?”

ಮಲ್ಲು ನಗಲು ನೋಡಿದ. “ಒಳಗಿನ ಪೈಪ್ ಸೋರಾಕತ್ತೈತಿ, ಅಷ್ಟೇರಿ ಮಾವ. ಅದಕ್ಕ ಹೆದರಿ ಕೆಲಸ ಬಿಡಾಕ ಆಗತೈತೇನು? ಮುಂಜಾನೆ ಮೆತ್ತಿ ಮುಗಸ್ತೀನಿ.”

“ನೀ ಮೆತ್ತೂದು ಏನೂ ಉಳದಿಲ್ಲಪ್ಪ,” ಎಂದ ಬಂಡೆಪ್ಪ, ಕಂಬಳಿ ಸರಿಸಿ ಏಳುತ್ತ. ಅವನ ಎರಡೂ ಕೈ ಮೊಣಕೈವರೆಗೆ ಬಿಳಿಯಾಗಿದ್ದವು. ಸುಣ್ಣ ಇನ್ನೂ ಹಸಿಯಾಗಿತ್ತು. ಗೋಣಿತಟ್ಟು ಹಾಕಿದವರು ಯಾರೆಂದು ರೇಣುಕಾಗೆ ಆಗ ತಿಳಿಯಿತು.

“ಅಪ್ಪಾ, ಏನು ಮಾಡಿದಿ?”

“ಮಧ್ಯಾಹ್ನ ನೀವೆಲ್ಲ ಮ್ಯಾಲಿನ ಅಂತಸ್ತಿನಾಗಿದ್ರಿ. ಒಂದು ದಿನಕ್ಕ ಎಷ್ಟು ಬೇಕೋ ಅಷ್ಟೇ ಮೆತ್ತೀನಿ. ಈ ಸಲ ಅವಸರ ಮಾಡಿಲ್ಲ.”

ಮುದುಕ ಗೋಣಿತಟ್ಟು ಎತ್ತಿ, ಗೋಡೆಯ ಮೇಲೆ ಮೆಲ್ಲಗೆ ಬೆರಳಾಡಿಸಿದ.

“ಬ್ಯಾಟರಿ ಹಿಡಿ, ಯವ್ವಾ. ನನಗ ಕಣ್ಣು ಮಂಜು. ಮೂಗು ಮೂಡೈತಿ, ಕೈಗೆ ಹತ್ತಾಕತ್ತೈತಿ... ನಂದೇ ಹೌದೋ ಅಲ್ಲೋ, ನೀ ನೋಡಿ ಹೇಳು.”